ಅಜ್ಜಿಯ ಎಪಿಸೋಡು, ಪೀಬಾಡಿಯ ಮೆಷಿನ್ನು

ಇವತ್ತು ಒಂದು ನಾಯಿ ಬಗ್ಗೆ ಮಾತಾಡೋಣ. ಬಿಳಿ ಬೀಗಲ್, ಕಣ್ಣಿಗೆ ಕನ್ನಡಕ, ಕುತ್ತಿಗೆಗೆ ಬೋ ಟೈ. ಹೆಸರು ಮಿಸ್ಟರ್ ಪೀಬಾಡಿ. ಇವನು ಸಾಕಿರೋದು ಶರ್ಮನ್ ಅನ್ನೋ ಹುಡುಗನನ್ನ. ಹುಡುಗ ನಾಯಿ ಸಾಕಬಹುದು ಅಂದ್ರೆ ನಾಯಿ ಹುಡುಗನನ್ನ ಸಾಕಬಾರದಾ? ಕಥೆ ಶುರುವಾಗೋದೇ ಅಲ್ಲಿಂದ.

ನಿಮ್ಮಲ್ಲಿ ಕೆಲವರು 2014ರ ಡ್ರೀಮ್‌ವರ್ಕ್ಸ್ ಸಿನಿಮಾ ನೋಡಿರ್ತೀರಿ. ಮೂಲ ಇನ್ನೂ ಹಳೇದು. 1959ರ ನವೆಂಬರ್‌ನಲ್ಲಿ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಜೇ ವಾರ್ಡ್ ಅವರ ‘ರಾಕಿ ಆಂಡ್ ಹಿಸ್ ಫ್ರೆಂಡ್ಸ್’ ಶುರುವಾಯ್ತು. ಅದರ ಮಧ್ಯೆ ಬರ್ತಿದ್ದ ನಾಲ್ಕೈದು ನಿಮಿಷದ ತುಣುಕುಗಳು ಇವು, ಒಟ್ಟು 91. ಖರ್ಚು ಉಳಿಸೋಕೆ ಅನಿಮೇಷನ್ ಕೆಲಸವನ್ನ ಮೆಕ್ಸಿಕೋಗೆ ಕೊಟ್ಟಿದ್ರು. ಚಿತ್ರಗಳ ಬಡತನ ಈಗಲೂ ಎದ್ದು ಕಾಣುತ್ತೆ. ಶರ್ಮನ್‌ನ ಎಳೇ ದನಿ ವಾಲ್ಟರ್ ಟೆಟ್ಲಿ ಅವರದು. ಅವರಿಗೆ ಆಗ 44 ವರ್ಷ!

ಪೀಬಾಡಿ ಹತ್ರ ಒಂದು ಟೈಮ್ ಮೆಷಿನ್ ಇದೆ, ಹೆಸರು ವೇಬ್ಯಾಕ್. ಯುನಿವಾಕ್‌ನಂಥ ಆ ಕಾಲದ ಕಂಪ್ಯೂಟರ್ ಹೆಸರುಗಳ ಮೇಲಿನ ತಮಾಷೆ ಅದು. ಮೊದಲ ಸಲ ಹೋದಾಗ ಅಲ್ಲಿನವರ ಭಾಷೆ ಅರ್ಥವಾಗಲ್ಲ. ಸರಿ, ಅನುವಾದದ ಯಂತ್ರ ಸೇರಿಸ್ತಾನೆ, ಆಮೇಲೆ ಇಡೀ ಚರಿತ್ರೆ ಇಂಗ್ಲಿಷ್‌ನಲ್ಲೇ ಮಾತಾಡುತ್ತೆ. (ನಮ್ಮ ಐತಿಹಾಸಿಕ ಸಿನಿಮಾಗಳಲ್ಲಿ ಬ್ರಿಟಿಷ್ ಕಲೆಕ್ಟರ್ ಕನ್ನಡ ಮಾತಾಡ್ತಾನಲ್ಲ, ಹಾಗೆ.)

ನಂಗೆ ಇಷ್ಟವಾಗೋದು ಆಮೇಲಿನದು. ಹೋದಲ್ಲೆಲ್ಲ ಏನೋ ಎಡವಟ್ಟಾಗಿರುತ್ತೆ. ನೆಪೋಲಿಯನ್, ಶೂಬರ್ಟ್, ರೈಟ್ ಸಹೋದರರು, ಯಾರೇ ಇರಲಿ, ಪುಸ್ತಕದಲ್ಲಿ ಇರೋ ಥರ ನಡ್ಕೊಳ್ಳೋಕೆ ಅವರಿಗೆ ಬರಲ್ಲ. ನಾಯಿಯೇ ಹಿಂದೆ ನಿಂತು ಎಲ್ಲ ಸರಿಮಾಡಬೇಕು. ಕೊನೆಗೆ ಒಂದು ಕೆಟ್ಟ ಪನ್, ಶೋ ಮುಗೀತು. ಆ ಪನ್‌ಗಳನ್ನ ಕನ್ನಡಕ್ಕೆ ತರೋಕೆ ಕೈಲಾಸಂ ಅವರೇ ಬರಬೇಕಾಗಿತ್ತು, ನನ್ನಿಂದ ಆಗಲ್ಲ. ಎಸ್ಸೆಸ್ಸೆಲ್ಸಿ ಆದ್ಮೇಲೆ ನಾನು ಹಿಸ್ಟರಿ ಮುಟ್ಟಿಲ್ಲ, ಕಾಮರ್ಸ್‌ಗೆ ಓಡಿಹೋದೆ. ಶಾಲೆಯಲ್ಲಿ ಎಲ್ಲ ಮೊದಲೇ ನಿರ್ಧಾರ ಆಗಿದ್ದ ಥರ ಓದಿಸ್ತಿದ್ರು. ಸ್ವಲ್ಪದರಲ್ಲಿ ತಪ್ಪಿಹೋಗಬಹುದಿತ್ತು ಅನ್ನೋದನ್ನ ಹೇಳಿಕೊಟ್ಟಿದ್ದು ಈ ಕಾರ್ಟೂನು.

ಆ ಮೆಷಿನ್‌ನ ಹೆಸರು ಈಗ ನಿಮ್ಮ ಫೋನ್‌ನಲ್ಲೂ ಸಿಗುತ್ತೆ. ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್ ಸಂಸ್ಥೆ 1996ರಿಂದ ವೆಬ್ ಪುಟಗಳನ್ನ ಕೂಡಿಡ್ತಾ ಬಂದು, 2001ರಲ್ಲಿ ಎಲ್ಲರಿಗೂ ತೆರೆದಾಗ ‘ವೇಬ್ಯಾಕ್ ಮೆಷಿನ್’ ಅಂತ ಹೆಸರಿಟ್ಟಿತು. ಪೀಬಾಡಿಯಿಂದ ಬಂದ ಹೆಸರೇ ಅದು. ಹಳೇ ಪುಟದ ವಿಳಾಸ ಹಾಕಿ, ತಾರೀಖು ಆರಿಸಿ, ಅಷ್ಟೇ.

ನಾನು ಅಲ್ಲಿಗೆ ಹೋಗಿದ್ದು ಯಾಕೆ ಗೊತ್ತಾ? ಈ ಪಾಡ್‌ಕಾಸ್ಟ್‌ನ ಮೊದಲ ಎಪಿಸೋಡ್ ಹುಡುಕೋಕೆ. ನಮ್ಮಜ್ಜಿ ಜೊತೆ ಕೂತು ಮಾಡಿದ್ದು. ನಾನು ಫೈಲ್‌ಗಳನ್ನ ಇಟ್ಟಿದ್ದ ಹೋಸ್ಟಿಂಗ್ ಸೈಟು ಮುಚ್ಚಿಹೋಯ್ತು. ನೋಟಿಸ್ ಮೇಲ್ ಬಂದಿತ್ತು, ನಾನು ತೆಗೆದು ನೋಡಿರಲಿಲ್ಲ. ಬ್ಯಾಕಪ್ ಇರಲಿಲ್ಲ. ಅಜ್ಜಿ ಹೋಗಿ ಆಗಲೇ ಒಂದು ವರ್ಷ ಆಗಿತ್ತು.

ಪುಟ ಸಿಕ್ತು! ನಾನೇ ಬರೆದ ನಾಲ್ಕು ಸಾಲು, ಒಂದು ಕಾಗುಣಿತದ ತಪ್ಪು, ಅಜ್ಜಿಯ ಫೋಟೋ, ಕೆಳಗೆ 23 ನಿಮಿಷ ಅಂತ. ಪ್ಲೇ ಬಟನ್ ಇದೆ, ಒತ್ತಿದ್ರೆ ಸುತ್ತುತ್ತಾನೇ ಇರುತ್ತೆ. ಆಡಿಯೋ ಸೇವ್ ಆಗಿಲ್ಲ. ಪೀಬಾಡಿ ಆಗಿದ್ರೆ ಆ ದಿನಕ್ಕೇ ಹೋಗಿ ನನ್ನ ತಲೆಗೊಂದು ಮೊಟಕಿ ಮೇಲ್ ಓದಿಸ್ತಿದ್ದ. ಈ ಮೆಷಿನ್ ಏನನ್ನೂ ಸರಿಮಾಡಲ್ಲ. ಅವತ್ತು ಅದಕ್ಕೆ ಸಿಕ್ಕಿದ್ದನ್ನ ಹಾಗೇ ತೋರಿಸುತ್ತೆ.

ಅಲ್ಲೇ ‘ಸೇವ್ ಪೇಜ್ ನೌ’ ಅಂತ ಒಂದು ಜಾಗ ಇದೆ, ಲಿಂಕ್ ಹಾಕಿದ್ರೆ ಪುಟ ಸೇರಿಸ್ಕೊಳ್ಳುತ್ತೆ. ಕನ್ನಡದ ಹಳೇ ಬ್ಲಾಗು, ನಿಮ್ಮ ಸ್ನೇಹಿತರ ಕವನದ ಪುಟ, ಏನಾದ್ರೂ ನೆನಪಾದ್ರೆ ಹಾಕಿಬಿಡಿ. ಆಡಿಯೋನ ಮಾತ್ರ ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇಡಿ. ಆ ಮೊದಲ ಎಪಿಸೋಡನ್ನ ನಿಮ್ಮಲ್ಲಿ ಯಾರಾದ್ರೂ ಡೌನ್‌ಲೋಡ್ ಮಾಡಿಟ್ಟಿದ್ರೆ, ದಯವಿಟ್ಟು ಒಂದು ಮೆಸೇಜ್ ಹಾಕಿ.