ಕೆಲಸವೆಂದರೆ ಯಾವುದು?

(ದೊಡ್ಡಬಳ್ಳಾಪುರದಲ್ಲಿ ನೇಕಾರರು ಮತ್ತು ಸಣ್ಣ ವರ್ತಕರ ಮುಂದೆ ಮಾಡಿದ ಭಾಷಣ)



'ಕೆಲಸ' ನಾವೆಲ್ಲ ದಿನವೂ ಆಡುವ ಮಾತು. ಆದರೆ ಅದರ ಅರ್ಥ ಒಂದೊಂದು ಕಡೆ ಒಂದೊಂದು. ಹುಡುಗನಿಗೆ ಕೆಲಸ ಸಿಕ್ಕಿತೆಂದರೆ ತಿಂಗಳ ಸಂಬಳ ಸಿಕ್ಕಿತೆಂದು ಅರ್ಥ. ಮರಗೆಲಸ, ಗಾರೆ ಕೆಲಸವೆಂದರೆ ಕಸುಬು.

ಭೌತಶಾಸ್ತ್ರ ಹೇಳುವುದೇ ಬೇರೆ. ಬಲ ತಗುಲಿ ವಸ್ತು ಆ ದಿಕ್ಕಿಗೆ ಸರಿದರೆ ಮಾತ್ರ ಅಲ್ಲಿ ಕೆಲಸ ನಡೆಯಿತು. ಹಮಾಲಿ ಮೂಟೆ ಹೊತ್ತು ನಿಂತಲ್ಲೇ ನಿಂತರೆ, ಮೂಟೆಯ ಮೇಲೆ ಅವನು ಮಾಡಿದ ಕೆಲಸ ಸೊನ್ನೆ! ಶಾಸ್ತ್ರದ್ದು ತಪ್ಪಲ್ಲ, ಅದು ಅಳೆಯುವುದು ಶಕ್ತಿಯನ್ನು, ದಣಿವನ್ನಲ್ಲ. ಶೆಡ್ಡಿನ ಮೀಟರಿನದೂ ಇದೇ ಲೆಕ್ಕ. ಒಂದು ಯೂನಿಟ್ಟೆಂದರೆ 36 ಲಕ್ಷ ಜೂಲ್. ಮಗ್ಗ ತಿರುಗಿಸಿದ ಕರೆಂಟಿಗೆ ಕಾಸು ಕಾಸೂ ಲೆಕ್ಕವುಂಟು.

ಮಗ್ಗ ನಡೆಸಿದ ಮನುಷ್ಯನ ಲೆಕ್ಕವೇನು? ಕಾನೂನು ಮೊದಲು ತಲೆ ಎಣಿಸುತ್ತದೆ. 1948ರ ಕಾರ್ಖಾನೆ ಕಾಯಿದೆ, ವಿದ್ಯುತ್ ಬಳಸುವ ಕಡೆ 10 ಮಂದಿ ದುಡಿದರೆ ಅದು ಕಾರ್ಖಾನೆ ಎಂದಿತು. 2020ರ ಸಂಹಿತೆ ಅದನ್ನು 20ಕ್ಕೆ ಏರಿಸಿತು. ನಾಲ್ಕು ಮಗ್ಗದ ಶೆಡ್ಡು ಆಗಲೂ ಹೊರಗೆ, ಈಗಲೂ ಹೊರಗೆ. ಲಾಳಿ ಓಡುವುದು ಒಂದೇ ವೇಗದಲ್ಲಿ. ರಕ್ಷಣೆ ಮಾತ್ರ ಒಂದೇ ಅಲ್ಲ.

ಇನ್ನು ಕಂಡಿಕೆ ಸುತ್ತುವ ತಾಯಂದಿರ ಮಾತು. ಕಂಡಿಕೆಯಿಲ್ಲದೆ ಲಾಳಿಯಿಲ್ಲ, ಲಾಳಿಯಿಲ್ಲದೆ ಸೀರೆಯಿಲ್ಲ. ಕೂಲಿ ಸಿಗುವುದು ಸೀರೆಗೆ; ಅದು ಸೇರುವುದು ನೇಯ್ದವನ ಹೆಸರಿಗೆ. ಜನಗಣತಿಯವರು ಬಂದು ಕೇಳಿದರೆ ಯಜಮಾನ ಹೇಳುವುದೇನು? "ಅವಳಿಗೆ ಕೆಲಸವಿಲ್ಲ, ಮನೇಲಿರ್ತಾಳೆ." ಅಂಗಡಿಯ ಗಲ್ಲಾದಲ್ಲಿ ಅರ್ಧ ದಿನ ಕೂರುವ ಹೆಂಡತಿಯ ಬಗ್ಗೆ ವರ್ತಕನ ಉತ್ತರವೂ ಇದೇ. ಗಣತಿಯ ನಿಯಮ ಹಾಗಿಲ್ಲ. ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿದರೂ ಅದು ಕೆಲಸವೇ. ವರ್ಷದಲ್ಲಿ 6 ತಿಂಗಳು ದುಡಿದವರು ಮುಖ್ಯ ಕೆಲಸಗಾರರು. ಅಡುಗೆ, ನೀರು, ಮಕ್ಕಳ ಆರೈಕೆಗೆ ಮಾತ್ರ ಆ ಪಟ್ಟಿಯಲ್ಲಿ ಇನ್ನೂ ಜಾಗವಿಲ್ಲ.

ಇದು ಬರಿಯ ನಿಘಂಟಿನ ಜಗಳವಲ್ಲ. ಪಟ್ಟಿಯಲ್ಲಿ ಇಲ್ಲದವರಿಗಾಗಿ ಯಾವ ಯೋಜನೆಯೂ ಹುಟ್ಟುವುದಿಲ್ಲ. ನಮ್ಮ ಬೇಡಿಕೆ ಎರಡು. ಸೀರೆಯ ಕೂಲಿ ಕಟ್ಟುವಾಗ ಕಂಡಿಕೆ ಸುತ್ತುವ, ಅಚ್ಚು ಕೆಚ್ಚುವ ಹೊತ್ತನ್ನೂ ಸೇರಿಸಿ ಕಟ್ಟಬೇಕು. ಎಣಿಕೆಯವರು ಬಂದಾಗ ಮನೆಯಲ್ಲಿ ದುಡಿಯುವ ಪ್ರತಿಯೊಬ್ಬರ ಕೆಲಸವನ್ನೂ ಹೇಳಿ ಬರೆಸಬೇಕು. ಮೊದಲನೆಯದಕ್ಕೆ ಹೋರಾಟ ಬೇಕು. ಎರಡನೆಯದಕ್ಕೆ ಬಾಯಿಬಿಟ್ಟು ಒಂದು ಮಾತು ಹೇಳಿದರೆ ಸಾಕು.