ಅಪರಿಚಿತನ ಮನೆಯಲ್ಲಿ ಒಂದು ರಾತ್ರಿ

ಬೈಸಿಕಲ್ಲನ್ನೇರಿ ಒಬ್ಬಂಟಿಯಾಗಿ ದೇಶಸಂಚಾರ ಮಾಡುವವನಿಗೆ ಹಗಲಿನ ಕಷ್ಟಗಳು ದೊಡ್ಡವಲ್ಲ. ಏರುದಾರಿ, ಎದುರುಗಾಳಿ, ಮುಳ್ಳು ಚುಚ್ಚಿದ ಟೈರು, ಇವಕ್ಕೆಲ್ಲ ಮೈಯಲ್ಲಿ ಕಸುವೂ ಚೀಲದಲ್ಲಿ ಒಂದಿಷ್ಟು ರಬ್ಬರೂ ಅಂಟೂ ಇದ್ದರೆ ಸಾಕು. ಹೊತ್ತು ಇಳಿಯಿತೆಂದರೆ ಅವನ ನಿಜವಾದ ಚಿಂತೆ ಮೊದಲಾಗುತ್ತದೆ. ಮೋಟಾರಿನವನು ಇನ್ನೂ ಮೂವತ್ತು ಮೈಲಿ ಓಡಿ ಪಟ್ಟಣವನ್ನು ಸೇರಿಯಾನು. ಬೈಸಿಕಲ್ಲಿನವನಾದರೋ ಕತ್ತಲೆ ಯಾವ ಹಳ್ಳಿಯ ಬಳಿ ಕವಿಯಿತೋ ಆ ಹಳ್ಳಿಯಲ್ಲಿಯೇ, ದಣಿದು, ಎಲ್ಲರ ಕಣ್ಣಿಗೂ ಬಿದ್ದು, ಯಾರದಾದರೊಂದು ಬಾಗಿಲನ್ನು ತಟ್ಟಬೇಕು. ತೆರೆಯುವವನು ಎಂಥವನೋ ಬಲ್ಲವರಾರು?

ಈ ಅಂಜಿಕೆ ಬರಿಯ ಭ್ರಾಂತಿಯೆಂದು ನಾವು ಹೇಳಲಾರೆವು. ಅಮೆರಿಕದ ಪಿಟ್ಸ್‌ಬರ್ಗಿನ ಫ್ರಾಂಕ್ ಲೆಂಜ್ ಎಂಬ ತರುಣನು ೧೮೯೨ರಲ್ಲಿ ಬೈಸಿಕಲ್ಲಿನ ಮೇಲೆ ಪೃಥ್ವೀಪ್ರದಕ್ಷಿಣೆಗೆ ಹೊರಟು, ಜಪಾನು, ಚೀನಾಗಳನ್ನು ಹಾದು, ನಮ್ಮ ದೇಶವನ್ನೂ ದಾಟಿ, ೧೮೯೪ರ ಮೇ ತಿಂಗಳಲ್ಲಿ ತುರ್ಕಿಯ ಪೂರ್ವಭಾಗದಲ್ಲಿ ಕಾಣೆಯಾದನು. ಮರುವರ್ಷ ಅವನನ್ನು ಹುಡುಕಲು ಹೋದ ಸಾಖ್ಟ್‌ಲೆಬೆನ್ ಎಂಬ ಇನ್ನೊಬ್ಬ ಬೈಸಿಕಲ್ ಸಂಚಾರಿಯು, ಲೆಂಜನು ತಂಗಿದ್ದ ಹಳ್ಳಿಯೊಂದರವನ ದ್ವೇಷಕ್ಕೆ ಗುರಿಯಾಗಿ ದಾರಿಯಲ್ಲಿ ಹತನಾದನೆಂದು ತೀರ್ಮಾನಿಸಿದನು. ದೇಹ ಸಿಕ್ಕಲೇ ಇಲ್ಲ.

ಅದೇ ಸೀಮೆಯಲ್ಲಿಯೇ, ಸುಮಾರು ಎಪ್ಪತ್ತು ವರ್ಷಗಳ ತರುವಾಯ, ಐರ್ಲೆಂಡಿನ ಡರ್ವ್ಲಾ ಮರ್ಫಿ ಎಂಬಾಕೆ ಒಂದು ರಾತ್ರಿ ತಂಗಿದರು. ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಬೈಸಿಕಲ್ಲೂ ಒಂದು ಭೂಪಟದ ಪುಸ್ತಕವೂ ದೊರೆತಾಗಲೇ ಇಂಡಿಯಾಕ್ಕೆ ಹೋಗಿಯೇ ತೀರಬೇಕೆಂದು ನಿಶ್ಚಯಿಸಿಕೊಂಡಿದ್ದ ಈಕೆ, ೧೯೬೩ರ ಜನವರಿಯ ಘೋರವಾದ ಚಳಿಯಲ್ಲಿ ಹೊರಟು, ಜುಲೈ ವೇಳೆಗೆ ದೆಹಲಿಯನ್ನು ಮುಟ್ಟಿದರು. ಇರಾನಿನ ಗಡಿಗೆ ಸಮೀಪದ ಆ ಬಡ ತಂಗುಮನೆಯಲ್ಲಿ ನಡುರಾತ್ರಿ ಎಚ್ಚರವಾಗಿ ನೋಡಿದರೆ, ಬೆಳುದಿಂಗಳಿನಲ್ಲಿ ಆಳೆತ್ತರದ ಗಂಡಸೊಬ್ಬನು ಹಾಸಿಗೆಯ ಮೇಲೆ ಬಾಗಿ ನಿಂತಿದ್ದಾನೆ! ದಿಂಬಿನ ಕೆಳಗೆ ಪಿಸ್ತೂಲಿತ್ತು. ಚಾವಣಿಗೆ ಒಂದು ಗುಂಡು ಹಾರಿಸಿದರು, ಅವನು ಓಡಿದನು. ಅಲ್ಲಿಂದ ಮುಂದೆ ಅಫ್ಘಾನಿಸ್ತಾನದ ಜನರ ಮನೆಗಳಲ್ಲಿ ಉಂಡು ಮಲಗಿ, ಅವರನ್ನು ಮನಸಾರೆ ಕೊಂಡಾಡಿದವರೂ ಈಕೆಯೇ. ಆ ಒಂದು ರಾತ್ರಿಗೆ ಪಿಸ್ತೂಲು ತಕ್ಕ ಉತ್ತರವಾಗಿದ್ದೀತು. ಉಳಿದ ಅಷ್ಟೂ ರಾತ್ರಿಗಳಿಗೆ?

ಆದರೆ ಒಂದು ಮಾತು. ಪ್ರವಾಸಗ್ರಂಥಗಳೆಲ್ಲವೂ ಅತಿಥಿಗಳು ಬರೆದವು. ಬಾಗಿಲನ್ನು ತೆರೆದವನು ಪುಸ್ತಕ ಬರೆಯಲಿಲ್ಲ. ಅವನ ಪಾಲಿನ ಮಾತನ್ನು ಒಮ್ಮೆ ಕೇಳುವ ಯೋಗ ನಮಗೆ ಒದಗಿದ್ದಿತು.

೨೦೦೧ರ ಡಿಸೆಂಬರಿನಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ನಾವು ಮೈಸೂರಿನಿಂದ ಗುಂಡ್ಲುಪೇಟೆಯ ಕಡೆಗೆ ಒಬ್ಬರೇ ಬೈಸಿಕಲ್ಲಿನಲ್ಲಿ ಹೋಗಿ, ಕಾಡಿನಂಚಿನಲ್ಲಿ ಕತ್ತಲೆಗೆ ಸಿಕ್ಕಿದೆವು. ಹೊಲದ ನಡುವಣ ಒಂಟಿ ಮನೆಯವನು ಒಳಕ್ಕೆ ಕರೆದನು. ಮನೆಯಲ್ಲಿ ಹೆಂಗಸರು ಮಕ್ಕಳಾರೂ ಇರಲಿಲ್ಲ. ಮುದ್ದೆಯನ್ನೂ ಹುರುಳಿಯ ಸಾರನ್ನೂ ಬಡಿಸುತ್ತ ಅವನು ಊರು ಕೇಳಿದನು, ತಂದೆಯ ಹೆಸರು ಕೇಳಿದನು, ಬೈಸಿಕಲ್ಲಿನ ಬೆಲೆ ಕೇಳಿದನು. ಕೊನೆಗೆ ಕೈಯಲ್ಲಿ ಹಣವೆಷ್ಟಿದೆಯೆಂದೂ ಕೇಳಿದನು. ಮುದ್ದೆ ಗಂಟಲಿನಲ್ಲಿಯೇ ನಿಂತಿತು. ಊಟವಾದ ಮೇಲೆ ಚಾಪೆ ಹಾಸಿಕೊಟ್ಟು, ಕಂಬಳಿಯನ್ನೂ ಬ್ಯಾಟರಿಯನ್ನೂ ಎತ್ತಿಕೊಂಡು, ಏನೊಂದೂ ಹೇಳದೆ ಹೊರಟನು. ಹೊರಗಿನಿಂದ ಬೀಗ ಹಾಕಿದ ಸದ್ದಾಯಿತು!

ಕೂಗಿದೆವು, ಉತ್ತರವಿಲ್ಲ. ಕಿಟಕಿಗೆ ಕಬ್ಬಿಣದ ಸರಳು. ಜೊತೆಗಾರರನ್ನು ಕರೆತರಲು ಹೋಗಿರುವನೆಂದೇ ನಿಶ್ಚಯವಾಯಿತು. ನಡುರಾತ್ರಿಯಲ್ಲಿ ದೂರದಿಂದ ತಗಡಿನ ಡಬ್ಬ ಬಡಿಯುವ ಸದ್ದೂ ಕೇಕೆಯೂ ಕೇಳಿಬಂದಾಗ, ಇನ್ನು ಬಂದರೆಂದು ಬೈಸಿಕಲ್ಲಿನ ಪಂಪನ್ನು ಹಿಡಿದು ಬಾಗಿಲಿನ ಹಿಂದೆ ನಿಂತೆವು. ಲೆಂಜನ ಕಥೆಯನ್ನು ಆಗ ನಾವು ಓದಿರಲಿಲ್ಲ. ಅದೇ ಆ ರಾತ್ರಿಯ ಪುಣ್ಯ. ಯಾರೂ ಬರಲಿಲ್ಲ.

ಬೆಳಕು ಹರಿದ ಮೇಲೆ ಬೀಗ ತೆಗೆದವನ ಕಣ್ಣುಗಳೂ ನಿದ್ದೆಗೆಟ್ಟು ಕೆಂಪಾಗಿದ್ದವು. ಆನೆ ಬಾರದಂತೆ ರಾಗಿಯ ಹೊಲವನ್ನು ಕಾಯಲು ಹೋಗಿದ್ದನಂತೆ. ಬೀಗವೇಕೆಂದು ಕೇಳಿದೆವು. ಅವನು ಮರೆಮಾಚಲಿಲ್ಲ.

"ನೀ ಯಾರೋ ಎತ್ತೋ ನಾ ಕಾಣೆ ಕಣಪ್ಪ. ಎತ್ತು ಮಾರಿದ ದುಡ್ಡು ಪೆಟ್ಟಿಗೇಲಿ ಅದೆ. ಮುಂದಕ್ಕೆ ಹೋಗು ಅನ್ನೋಣ ಅಂದ್ರೆ ಆನೆ ತಿರುಗೋ ದಾರಿ, ಕತ್ತಲಾಗೋಗಿತ್ತು. ಅದ್ಕೇ ಒಳಗೆ ಕರ್ದು ಬೀಗ ಹಾಕ್ದೆ."

ನಮ್ಮ ಹಣವೆಷ್ಟೆಂದು ಕೇಳಿದ್ದೂ ಅದಕ್ಕಾಗಿಯೇ: ಕೈಯಲ್ಲಿ ಕಾಸಿರುವವನು ಕದಿಯಲಾರನೆಂಬುದು ಅವನ ಲೆಕ್ಕ. ನಾವು ಪೂರ್ತಿ ಹೇಳದೆ ಐವತ್ತು ರೂಪಾಯಿ ಎಂದು ಮರೆಸಿದ್ದೆವು. ಅದರಿಂದಲೇ ಅವನ ಸಂಶಯ ಬಲವಾಯಿತಂತೆ!

ನಮ್ಮೆದುರಿನಲ್ಲಿಯೇ ಪೆಟ್ಟಿಗೆಯನ್ನು ತೆರೆದು, ಬೆರಳಿಗೆ ಎಂಜಲು ಹಚ್ಚಿ, ನೋಟುಗಳನ್ನು ಎರಡು ಸಲ ಎಣಿಸಿದನು. ಆಮೇಲೆ ಎರಡು ರೊಟ್ಟಿಯನ್ನು ಕಟ್ಟಿಕೊಟ್ಟು ರಸ್ತೆಯವರೆಗೂ ಬಂದು ದಾರಿ ತೋರಿಸಿದನು. ಹಣ ಕೊಡಹೋದರೆ ಮುಟ್ಟಲಿಲ್ಲ. ಮೊದಲನೆಯ ತಿರುವಿನಲ್ಲಿ, ಅವನು ಮರೆಯಾದೊಡನೆ, ನಾವೂ ಇಳಿದು ಚೀಲವನ್ನು ಬಿಚ್ಚಿ ನಮ್ಮ ಆರುನೂರು ರೂಪಾಯಿಗಳನ್ನು ಎಣಿಸಿಕೊಂಡೆವು. ಸರಿಯಾಗಿದ್ದಿತು.