ಜೆ.ಸಿ. ನಗರದ ಸ್ತಂಭ



ನಮ್ಮ ಕಡೆ ವೀರಗಲ್ಲಿಗೆ ಇಂದಿಗೂ ಎಣ್ಣೆ ಹಚ್ಚುತ್ತೇವೆ. ದನ ಕಾಯಲು ಹೋಗಿ ಸತ್ತವನ ಹೆಸರು ಮರೆತಿದ್ದರೂ ಕೈ ಮುಗಿಯುತ್ತೇವೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯ ಸ್ಮಾರಕವಿದೆ. ಮಡಿದವರ ಹೆಸರುಗಳೂ ಅದರ ಮೇಲಿವೆ. ನಿಂತು ಓದುವವರು ವಿರಳ.

1918ರ ಸೆಪ್ಟೆಂಬರ್ 23. ಈಗ ಇಸ್ರೇಲಿನಲ್ಲಿರುವ ಹೈಫಾ ಬಂದರು ಆಗ ತುರ್ಕರ ವಶದಲ್ಲಿತ್ತು. ಜೋಧಪುರದ ಸವಾರರು ಊರೊಳಗೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಗುಡ್ಡವೇರಿ ಫಿರಂಗಿಗಳ ಬಾಯಿ ಮುಚ್ಚಿಸಿದರು. ಎದುರಿಗೆ ಮಷಿನ್‌ಗನ್, ಇವರ ಕೈಯಲ್ಲಿ ಈಟಿ!

ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಪಡೆಯದು. ಅದರ ಎದುರಿನ ಮನೆಯಲ್ಲಿದ್ದ ನೆಹರೂ ನಮಗೆಲ್ಲ ಗೊತ್ತು. ಹೊರಗೆ ನಿಂತ ಸೈನಿಕ ಗೊತ್ತಿಲ್ಲ.

ಏಕೆ ಮರೆತೆವು? ಯುದ್ಧ ಬ್ರಿಟಿಷರದು, ಸತ್ತವರು ನಮ್ಮವರು. ಸ್ವಾತಂತ್ರ್ಯದ ಕಥೆ ಬರೆಯುವಾಗ ಇವರನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ತೈವಾನಿನಲ್ಲೂ ಹೀಗೇ ಆಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಪರ, ಆಮೇಲೆ ಚೀನಾದ ಅಂತರ್ಯುದ್ಧದಲ್ಲಿ ಕಾದಿದವರಿಗಾಗಿ ಅಲ್ಲಿನ ಕಾವ್‌ಸ್ಯುಂಗ್ ನಗರದಲ್ಲಿ ಉದ್ಯಾನ ತೆರೆದದ್ದು 2009ರಲ್ಲಿ.

ಆಗ ನಮ್ಮ ಬಿಜಾಪುರ ಮುಂಬಯಿ ಪ್ರಾಂತ್ಯದಲ್ಲಿತ್ತು, ಮೈಸೂರು ಬೇರೆ ರಾಜ್ಯ ಎನ್ನಬಹುದು. ಆದರೆ 1963ರಿಂದ ಸೈನಿಕ ಶಾಲೆಯಿರುವ ಊರು ನಮ್ಮದು. ಬೆಂಗಳೂರಿಗೆ ಹೋದಾಗ ಆ ಸ್ತಂಭದ ಹೆಸರುಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ.